ಖಾಲಿ ಡಬ್ಬಿ ಕೊಡದ ಶಿವಕ್ಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಗಾದೆ ಕಟ್ಟಿದವನು ಬಾಡಿಗೆ ಮನೆ ಖಾಲಿ ಮಾಡಿದವನಲ್ಲ. ಮಾಡಿದ್ದರೆ ಅದನ್ನೂ ಸೇರಿಸುತ್ತಿದ್ದ. ಕೊಟ್ಟೂರಿನಲ್ಲಿ ನಮ್ಮ ಎದುರುಮನೆಯ ಶಿವಬಸಮ್ಮ ಇಪ್ಪತ್ತೆಂಟು ವರ್ಷದ ಮನೆಯನ್ನು ಎಂಟು ದಿನದಲ್ಲಿ ಖಾಲಿ ಮಾಡಿದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೋಡಿದ್ದೇನೆ ಎನ್ನುವುದು ಮರ್ಯಾದೆಯ ಮಾತು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನು ದಸರಾ ರಜೆಯಲ್ಲಿ ಕಾಲು ಚಾಚಿ ಮಲಗಬೇಕೆಂದಿದ್ದವಳು, ಅಷ್ಟೂ ದಿನ ಅವಳ ಅಟ್ಟದ ಧೂಳು ಕುಡಿದೆ.

ಶಿವಬಸಮ್ಮ ಓಣಿಗೆಲ್ಲ ಶಿವಕ್ಕ. ಐವತ್ತು ದಾಟಿದ ಹೆಂಗಸು, ಗುಂಡಗೆ, ನಿಧಾನ. ಅವಸರ ಎನ್ನುವುದು ಅವಳ ಜಾತಕದಲ್ಲೇ ಇಲ್ಲ. ಗಂಡ ವೀರಭದ್ರಯ್ಯನವರದು ಹಿಟ್ಟಿನ ಗಿರಣಿ. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರಿಗೆ ಮೆಲುದನಿ ಮರೆತುಹೋಗಿದೆ. ಹೆಂಡತಿಗೆ ಗುಟ್ಟು ಹೇಳಿದರೂ ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ಹಾಗಾಗಿ ಅವರು ಹಡಗಲಿ ಕಡೆಯ ಇಟ್ಟಿಗಿಯಲ್ಲಿ ದೊಡ್ಡ ಗಿರಣಿ ಹಿಡಿದ ಸುದ್ದಿ, ಅದರ ಹಿಂದೆಯೇ ಎರಡು ಕೋಣೆಯ ಮನೆ ಇರುವ ಸುದ್ದಿ, ಅಮಾವಾಸ್ಯೆ ಕಳೆದ ಮೇಲೆ ಸೋಮವಾರ ಸಾಮಾನು ಸಾಗಿಸುವ ಸುದ್ದಿ, ಮೂರನ್ನೂ ನಾನು ಒಲೆಯ ಮುಂದೆ ನಿಂತೇ ಕೇಳಿಸಿಕೊಂಡೆ.

"ಒಂದ ಟ್ರ್ಯಾಕ್ಟರು. ಎರಡನೇದು ಬರಂಗಿಲ್ಲ," ಎನ್ನುತ್ತಿದ್ದರು ಅವರು. "ಅದರಾಗ ಹಿಡಿಸಿದ್ದು ನಮ್ಮದು, ಹಿಡಿಸಲಾರದ್ದು ಗುಜರಿ."

ಹಿಡಿಸದೆ ಇರುವಷ್ಟು ಸಾಮಾನು ಅವರ ಮನೆಯಲ್ಲಿ ಏನಿದೆ ಎಂದು ನನಗೆ ಆಶ್ಚರ್ಯವಾಗಿತ್ತು. ಒಂದು ಮಂಚ, ಒಂದು ಬೀರು, ಒಂದು ಟಿವಿ. ಮಗಳನ್ನು ಬೊಮ್ಮನಹಳ್ಳಿಗೆ ಕೊಟ್ಟು ಆಗಲೇ ಆರು ವರ್ಷ. ಅಟ್ಟ ಹತ್ತಿದ ಮೇಲೆ ಗೊತ್ತಾಯಿತು. ಅಟ್ಟದ ತುಂಬ ಡಬ್ಬಿ, ಬೋಗುಣಿ, ತಾಟು, ಟಿಫಿನ್ ಕ್ಯಾರಿಯರಿನ ಒಂಟಿ ಬಟ್ಟಲು, ಮುಚ್ಚಳವಿಲ್ಲದ್ದು, ಮುಚ್ಚಳ ಮಾತ್ರ ಇದ್ದದ್ದು. ಒಂದೂ ಅವಳದಲ್ಲ. ಒಂದೊಂದರ ಮೇಲೂ ಬೇರೆಯವರ ಹೆಸರು ಹೊಡೆಸಿತ್ತು: ಬೊಮ್ಮಮ್ಮ, ನಾಗಲಿಂಗಮ್ಮ, ಪುಷ್ಪಲತಾ ಮದುವೆಯ ನೆನಪಿಗೆ.

ಇದಕ್ಕೆ ಕಾರಣ ಹೇಳಬೇಕು. ನಮ್ಮ ಕಡೆ ಒಬ್ಬರ ಮನೆಯಿಂದ ಬಂದ ಡಬ್ಬಿಯನ್ನು ಖಾಲಿ ಕೊಡುವುದಿಲ್ಲ. ಏನಾದರೂ ಹಾಕಿ ಕೊಡಬೇಕು. ನಾವು ಬುದ್ಧಿವಂತರು, ಒಂದು ಚಮಚ ಸಕ್ಕರೆ ಉದುರಿಸಿ ಕೈ ತೊಳೆದುಕೊಳ್ಳುತ್ತೇವೆ. ಶಿವಕ್ಕನಿಗೆ ಅದು ಅವಮಾನ. ಹೋಳಿಗೆ ಬಂದ ಡಬ್ಬಿಗೆ ಹೋಳಿಗೆಯ ತೂಕದ್ದೇ ಏನೋ ಹೋಗಬೇಕು. ಮುಂದಿನ ಹಬ್ಬಕ್ಕೆ ಮಾಡಿ ಕೊಟ್ಟರಾಯಿತು ಎಂದು ತೊಳೆದು ಎತ್ತಿಡುವಳು. ಹಬ್ಬದ ದಿನ ಗಿರಣಿಯಲ್ಲಿ ಜನ ಜಾಸ್ತಿ, ಆಗುತ್ತಿರಲಿಲ್ಲ. ಡಬ್ಬಿ ಅಟ್ಟ ಸೇರುವುದು. ಒಳ್ಳೆಯ ಮನಸ್ಸು ಅತಿಯಾದರೆ ಅದೂ ಒಂದು ಸೋಮಾರಿತನವೇ ಎಂದು ನಾನು ಅವಳ ಮುಖಕ್ಕೇ ಹೇಳಿದ್ದೇನೆ.

ಆ ರಾಶಿಯಲ್ಲಿ ನನ್ನವೇ ಮೂರು ಸಿಕ್ಕವು. ಅದರಲ್ಲೊಂದು ಕಳೆದುಹೋದದ್ದಕ್ಕೆ ನಾನು ನಮ್ಮ ಓರಗಿತ್ತಿಯ ಮೇಲೆ ಸಂಶಯ ಪಟ್ಟು ಎರಡು ವರ್ಷ ಅವಳ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

"ಶಿವಕ್ಕ, ಇದನ್ನ ಆಗಲೇ ಕೊಟ್ಟಿದ್ರ ನನ್ನ ಸಂಸಾರದಾಗ ಒಂದು ಜಗಳ ಕಡಿಮಿ ಆಗ್ತಿತ್ತು," ಎಂದೆ.

"ಕೊಡಬೇಕಂತನ ಇಟ್ಟಿದ್ನಿ ವಾಣಿ. ನಿಮ್ಮ ಮನಿಯಿಂದ ಗಿಣ್ಣ ಬಂದಿತ್ತು. ಗಿಣ್ಣಕ್ಕ ಏನು ಹಾಕಿ ಕೊಡಬೇಕು ಹೇಳು ನೀನ."

ವೀರಭದ್ರಯ್ಯನವರು ರಾಶಿ ನೋಡಿ, "ಪೂರಾ ಗುಜರಿಗೆ ಹಾಕು," ಎಂದು ಕೂಗಿದರು. ಹೆಸರಿರುವ ಪಾತ್ರೆಯನ್ನು ಗುಜರಿಗೆ ಹಾಕಿದರೆ ಆ ಹೆಸರಿನವರನ್ನೇ ಹಾಕಿದ ಹಾಗೆ ಎಂದು ಶಿವಕ್ಕ ಹಟ ಹಿಡಿದಳು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತಾರೆ, ಈ ಮನೆಯಲ್ಲಿ ಇಸ್ಕೊಂಡದ್ದೂ ವೀರಭದ್ರಯ್ಯ, ಕೋಡಂಗಿ ಆದದ್ದೂ ಅವರೇ. ಎಂಟು ದಿನ ಅವರಿಗೆ ಬಿಸಿ ರೊಟ್ಟಿ ಸಿಗಲಿಲ್ಲ. ಒಲೆಯ ಮೇಲೆ ಬರೀ ಚಕ್ಕುಲಿ, ಶೇಂಗಾ ಉಂಡೆ, ಕರಿಗಡುಬು. ಶಿವಕ್ಕ ತುಂಬುವಳು, ನಾನು ಮನೆಮನೆಗೆ ಹೊರುವವಳು.

ಮೂರನೆಯ ದಿನಕ್ಕೆ ಇನ್ನೊಂದು ಆಪತ್ತು ಶುರುವಾಯಿತು. ಡಬ್ಬಿ ಮರಳಿ ಪಡೆದವರಿಗೆ, ಅಯ್ಯೋ ಊರು ಬಿಟ್ಟು ಹೋಗುತ್ತಾಳಲ್ಲ ಎಂದು ಕರುಳು ಚುರ್ ಅಂದಿತು. ಅವರೂ ಏನೇನೋ ಮಾಡಿ ತಂದರು. ಯಾವುದರಲ್ಲಿ ತಂದರು? ಡಬ್ಬಿಯಲ್ಲಿ. ಅವನ್ನು ಖಾಲಿ ಕೊಡುವಂತಿಲ್ಲ. ಗುರುವಾರ ಬೆಳಿಗ್ಗೆ ಎಣಿಸಿದರೆ ಹೋದವು ಇಪ್ಪತ್ತಾರು, ಬಂದವು ಹದಿನೇಳು. ಗಣಿತದ ಟೀಚರಾದ ನನಗೆ ಮೈ ಉರಿಯಿತು. ಓಣಿಯ ಬಾಯಿಗೆ ನಿಂತು, ಇನ್ನು ಯಾರಾದರೂ ಏನಾದರೂ ತರುವುದಿದ್ದರೆ ಪೇಪರಿನಲ್ಲಿ ಕಟ್ಟಿಕೊಂಡು ಬನ್ನಿ, ಡಬ್ಬಿ ತಂದರೆ ನಾನೇ ಚರಂಡಿಗೆ ಒಗೆಯುತ್ತೇನೆ ಎಂದೆ. ನನ್ನ ಬಾಯಿಗೆ ಹೆದರುವ ಓಣಿ ಅದು. ಅಲ್ಲಿಗೆ ನಿಂತಿತು.

ಶನಿವಾರ ಗುಜರಿಯ ಇಶ್ತಿಯಾಕ ಗಾಡಿ ತಂದ. ಮುರಿದ ಕುರ್ಚಿ, ಹಳೆಯ ಜರಡಿ, ಗಿರಣಿಯ ಸವೆದ ಬೆಲ್ಟುಗಳನ್ನು ಹಾಕುತ್ತಿದ್ದೆವು. ಅಟ್ಟದಲ್ಲಿ ಕೊನೆಗೆ ಒಂದು ಡಬ್ಬಿ ಉಳಿದಿತ್ತು. ಗುಂಡನೆಯ ಸ್ಟೀಲಿನ ಡಬ್ಬಿ, ಬಟ್ಟೆಯಲ್ಲಿ ಸುತ್ತಿಟ್ಟದ್ದು. ಹಳೆಯ ಬಟ್ಟೆಯ ಗಂಟು ಎಂದುಕೊಂಡು ನಾನು ತಂದು ತಕ್ಕಡಿಯ ಮೇಲೆ ಹಾಕಿದೆ.

"ಅದನ್ನ ತೆಗಿ," ಎಂದಳು ಶಿವಕ್ಕ. ಇಪ್ಪತ್ತು ವರ್ಷದ ನೆರೆಯಲ್ಲಿ ಅವಳು ನನಗೆ ದನಿ ಏರಿಸಿ ಮಾತಾಡಿದ್ದು ಅದೇ ಮೊದಲು.

ಇಶ್ತಿಯಾಕ ಬಟ್ಟೆ ಸರಿಸಿ ಹೆಸರು ಓದಿದ. "ಅಸ್ಮಾ ಭಾಭಿದು ಇದು. ಶೇಖಾವಲಿ ಭಾಯಿ ಮನಿದು. ಇನ್ನೂ ಐತೇನ್ರಿ ನಿಮ್ಮ ಹತ್ರ?"

ಶಿವಕ್ಕ ಡಬ್ಬಿ ಎತ್ತಿಕೊಂಡು ಒಳಗೆ ಹೋದಳು.

ಅಸ್ಮಾ ನನಗೂ ಗೊತ್ತಿದ್ದವಳು. ಶಿವಕ್ಕನ ಹಿತ್ತಲಿಗೂ ಅವಳ ಹಿತ್ತಲಿಗೂ ಒಂದೇ ಮೋಟು ಗೋಡೆ. ಗಂಡ ಶೇಖಾವಲಿ ಮೋಟಾರ್ ರಿಪೇರಿ ಮಾಡುವವನು, ಗಿರಣಿಯ ಮೋಟಾರ್ ಸುಟ್ಟಾಗಲೆಲ್ಲ ಅವನೇ ಬರಬೇಕು. ಗಂಡಂದಿರಿಬ್ಬರೂ ಮೋಟಾರಿನ ಮುಂದೆ ಕೂತರೆ ಹೆಂಡಿರಿಬ್ಬರೂ ಗೋಡೆಯ ಆಚೀಚೆ ಕೂತು ಜೋಳ ಹಸನು ಮಾಡುವರು. ರಂಜಾನಿಗೆ ಅಸ್ಮಾ ಶ್ಯಾವಿಗೆ, ಸಕ್ಕರೆ, ಉತ್ತತ್ತಿ ಹಸಿಯಾಗಿಯೇ ಕಳಿಸುವಳು, ಶಿವಕ್ಕನ ಅತ್ತೆ ಅವರ ಮನೆಯಲ್ಲಿ ಬೇಯಿಸಿದ್ದು ಮುಟ್ಟುವುದಿಲ್ಲವೆಂದು. ಮುದುಕಿ ಅದನ್ನೇ ತನ್ನ ಒಲೆಯಲ್ಲಿ ಕುದಿಸಿ ಎರಡು ಬಟ್ಟಲು ಕುಡಿಯುವಳು. ಬೇಯಿಸಿದ್ದು ಗೋಡೆಯ ಮೇಲಿಂದ ಶಿವಕ್ಕನಿಗೆ ಬೇರೆ ಬರುತ್ತಿತ್ತು. ಅವಳು ಅದನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಿನ್ನುವಳು. ಅತ್ತೆಗೆ ಗೊತ್ತಿತ್ತು. ಕೇಳುತ್ತಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಶೇಖಾವಲಿ ಅಣ್ಣನ ಅಂಗಡಿ ನೋಡಿಕೊಳ್ಳಲು ಹರಪನಹಳ್ಳಿಗೆ ಹೋದ. ಹೊರಡುವ ದಿನ ಅಸ್ಮಾ ಈ ಡಬ್ಬಿ ತುಂಬ ಮೊಹರಂನ ಸಿಹಿ ಚೊಂಗೆ ರೊಟ್ಟಿ ತಂದು ಕೊಟ್ಟಳು. ನಾನೂ ಅಲ್ಲೇ ಇದ್ದೆ. "ಈ ಡಬ್ಬಿ ನೀನ ತರಬೇಕು ಅಕ್ಕ. ಬ್ಯಾರೆಯವರ ಕೈಯಾಗ ಕಳಿಸಿದ್ರ ನಾ ಇಸ್ಕೊಳ್ಳಂಗಿಲ್ಲ," ಎಂದಳು.

ಕೊಟ್ಟೂರಿಗೂ ಹರಪನಹಳ್ಳಿಗೂ ಬಸ್ಸಿನಲ್ಲಿ ಹೆಚ್ಚೆಂದರೆ ಒಂದು ತಾಸು. ಆದರೂ ಶಿವಕ್ಕ ಹನ್ನೊಂದು ವರ್ಷ ಹೋಗಲಿಲ್ಲ. ಮೊದಲ ವರ್ಷ, ಮಾವಿನಕಾಯಿ ಬರಲಿ, ಅಸ್ಮಾಗೆ ನನ್ನ ಉಪ್ಪಿನಕಾಯಿ ಅಂದರೆ ಪ್ರಾಣ ಎಂದಳು. ಆ ಸಲ ಕಾಯಿ ಬರುವ ಹೊತ್ತಿಗೆ ಅತ್ತೆಗೆ ಲಕ್ವ ಹೊಡೆದು ನಾಲ್ಕು ವರ್ಷ ಹಾಸಿಗೆ. ಆಮೇಲೆ ಮಗಳ ಮದುವೆ. ಫೋನಿನಲ್ಲಿ ಮಾತಾಡುತ್ತಿದ್ದರು. ಪ್ರತಿ ಸಲವೂ ಅಸ್ಮಾ "ಯಾವಾಗ ಬರ್ತಿ" ಎನ್ನುವಳು. ಆ ಪ್ರಶ್ನೆಗೆ ಹೆದರಿ ಶಿವಕ್ಕ ಫೋನು ಎತ್ತುವುದನ್ನೇ ಕಡಿಮೆ ಮಾಡಿದಳು. ವರ್ಷ ಹೋದ ಹಾಗೆ ಡಬ್ಬಿಗೆ ಹಾಕಬೇಕಾದದ್ದು ಅವಳ ಮನಸ್ಸಿನಲ್ಲಿ ದೊಡ್ಡದಾಗುತ್ತ ಹೋಯಿತು. ಒಂದು ವರ್ಷ ತಡವಾದರೆ ಉಪ್ಪಿನಕಾಯಿ ಸಾಕು. ಐದು ವರ್ಷ ತಡವಾದರೆ ಏನು ಹಾಕುವುದು?

ನಾಲ್ಕು ವರ್ಷದ ಹಿಂದೆ ಶೇಖಾವಲಿ ಎದೆ ನೋವೆಂದು ಕೂತಲ್ಲೇ ತೀರಿಕೊಂಡ. ಸುದ್ದಿ ತಂದವನೂ ಇದೇ ಇಶ್ತಿಯಾಕ. ಆಗಲೂ ಶಿವಕ್ಕ ಹೋಗಲಿಲ್ಲ ಎಂಬುದು ನನಗೆ ಗೊತ್ತಿತ್ತು. ಯಾಕೆ ಎಂದು ಗೊತ್ತಿರಲಿಲ್ಲ. ಆ ಶನಿವಾರ, ಗಾಡಿ ಹೋದ ಮೇಲೆ, ಖಾಲಿ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ಕೂತು ಅವಳು ಹೇಳಿದಳು.

"ಸತ್ತ ಮನಿಗೆ ತುಂಬಿದ ಡಬ್ಬಿ ಒಯ್ಯಾಕ ಬರಂಗಿಲ್ಲ. ಖಾಲಿ ಡಬ್ಬಿ ಒಯ್ದು ಇಡಾಕ ಮನಸ ಬರಂಗಿಲ್ಲ. ಡಬ್ಬಿ ಬಿಟ್ಟು ಬರೇ ಕೈಲೇ ಹೋದ್ರ, ಏಳು ವರ್ಷ ಆತು ನನ್ನ ಡಬ್ಬಿ ಎಲ್ಲಿ ಅಂತ ಆಕಿ ಕಣ್ಣಾಗ ಕೇಳ್ತಾಳ. ಸೂತಕ ಕಳೀಲಿ, ಆಮ್ಯಾಲ ಹೋದ್ರಾತು ಅಂದ್ಕೊಂಡೆ. ಆಮ್ಯಾಲ ಯಾವ ಮುಖ ಇಟ್ಕೊಂಡು ಹೋಗ್ಲಿ?"

ನನಗೆ ಸಿಟ್ಟು ಬಂತು. ಗಂಡ ಸತ್ತವಳು ಬಾಗಿಲಲ್ಲಿ ಕೂತು ಡಬ್ಬಿಯ ಲೆಕ್ಕ ಮಾಡುತ್ತಾಳೆಯೇ? ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ, ಅವಳ ಮುಖ ನೋಡಿ ನುಂಗಿಕೊಂಡೆ. ಹತ್ತು ಜನರ ಡಬ್ಬಿ ಮರೆತವಳು ಇದೊಂದನ್ನು ಮರೆತಿರಲಿಲ್ಲ. ಬಟ್ಟೆ ಒಗೆದು ಒಗೆದು ಮತ್ತೆ ಸುತ್ತಿಟ್ಟಿದ್ದಳು. ಒಳಗೆ ಒಂದು ಕಲೆ ಇರಲಿಲ್ಲ. ಅಸ್ಮಾಳನ್ನು ಒಮ್ಮೆ ನೋಡಬೇಕೆಂಬ ಆಸೆ ಹನ್ನೊಂದು ವರ್ಷದಿಂದ ಅವಳ ಹೊಟ್ಟೆಯಲ್ಲಿ ಕೂತಿದೆ, ಅದನ್ನು ಹೊರಗೆ ಬಿಡದೆ ಈ ಸ್ಟೀಲಿನ ತುಂಡು ಅಡ್ಡ ನಿಂತಿದೆ. ಇನ್ನೆರಡು ದಿನಕ್ಕೆ ಇಟ್ಟಿಗಿಯ ಅಟ್ಟಕ್ಕೆ ಹತ್ತಿದರೆ ಅದು ಮತ್ತೆ ಇಳಿಯುವುದಿಲ್ಲ, ಅವಳು ಮತ್ತೆ ಹೋಗುವುದಿಲ್ಲ ಎಂದು ನನಗೆ ಅನ್ನಿಸಿತು.

"ನಾಳೆ ಹೋಗೋಣು," ಎಂದೆ.

"ನಾಳಿಗೆ ಏನು ಮಾಡ್ಲಿ ವಾಣಿ? ಸಿಲಿಂಡರ್ ಕಟ್ಟಿ ಆತು. ಹಿಟ್ಟು, ಬೆಲ್ಲ ಎಲ್ಲಾ ಚೀಲದಾಗ ಅದಾವು."

"ಏನೂ ಮಾಡಬ್ಯಾಡ. ಬಾ."

ಭಾನುವಾರ ಬೆಳಿಗ್ಗೆ ಅವಳು ನಮ್ಮ ಬಾಗಿಲಿಗೆ ಬಂದಾಗ ಇಳಕಲ್ ಸೀರೆ ಉಟ್ಟು ಹೂ ಮುಡಿದಿದ್ದಳು. ಅರ್ಧ ದಾರಿಯಲ್ಲಿ, ವಿಧವೆಯ ಮನೆಗೆ ಹೂ ಮುಡಿದು ಹೋಗುವುದು ಹೇಗೆ ಎಂದು ಹೂ ತೆಗೆದು ಚೀಲಕ್ಕೆ ಹಾಕಿಕೊಂಡಳು. ಬಸ್ಟ್ಯಾಂಡಿನಲ್ಲಿ ಕಾಲು ಎಳೆಯತೊಡಗಿದಳು. ಖಾಲಿ ಡಬ್ಬಿ ಹಿಡಿದು ಬಸ್ ಹತ್ತಲಾರೆ, ದೀಪಾವಳಿಗೆ ಹೋಗೋಣ, ಒಂದಿಷ್ಟು ಹೋಳಿಗೆ ಮಾಡುತ್ತೇನೆ ಎಂದಳು. ನಾನು ಡಬ್ಬಿ ಕಿತ್ತುಕೊಂಡು ಪಕ್ಕದ ಹೋಟೆಲಿಗೆ ಹೋಗಿ ಒಗ್ಗರಣೆ ಮಂಡಕ್ಕಿ ತುಂಬಿಸಿಕೊಂಡು, ಮೇಲೆ ನಾಲ್ಕು ಮಿರ್ಚಿ ಇಟ್ಟು ಮುಚ್ಚಳ ಒತ್ತಿ ಅವಳ ಕೈಗೆ ಕೊಟ್ಟೆ. ಹನ್ನೊಂದು ವರ್ಷ ಕಾದ ಡಬ್ಬಿಗೆ ಕೊನೆಗೆ ಬಿದ್ದದ್ದು ಬಸ್ಟ್ಯಾಂಡಿನ ಮಂಡಕ್ಕಿ. ಅವಳ ಕಣ್ಣಲ್ಲಿ ನೀರು ಬಂತು. ನಾನು ನೋಡದವಳ ಹಾಗೆ ಬಸ್ ಹತ್ತಿದೆ.

ಇಶ್ತಿಯಾಕ ಹೇಳಿದ್ದ ಗುರುತಿನ ಮೇಲೆ ಮನೆ ಸಿಕ್ಕಿತು. ಓಣಿಯ ಕೊನೆಗೆ ಹಸಿರು ಬಾಗಿಲು. ಅಸ್ಮಾ ಹೊಸ್ತಿಲ ಒಳಗೆ ಬೆಳಕಿಗೆ ಕೂತು ಯಾರದೋ ಸೀರೆಗೆ ಫಾಲ್ ಹಚ್ಚುತ್ತಿದ್ದಳು. ದಪ್ಪಗಿದ್ದವಳು ಇಳಿದುಹೋಗಿದ್ದಳು, ಕನ್ನಡಕ ಬಂದಿತ್ತು. ತಲೆ ಎತ್ತಿ ನಮ್ಮನ್ನು ನೋಡಿದಳು. ಏಳಲಿಲ್ಲ. ಹೊಲಿಗೆಯನ್ನು ಕೊನೆ ಮುಟ್ಟಿಸಿ, ದಾರವನ್ನು ಹಲ್ಲಲ್ಲಿ ಕಡಿದು, ಸೂಜಿಯನ್ನು ಸೀರೆಗೇ ಚುಚ್ಚಿದಳು.

"ಬಂದ್ಯಾ ಅಕ್ಕ," ಎಂದಳು.

ಶಿವಕ್ಕ ಚಪ್ಪಲಿ ಬಿಟ್ಟು ಒಳಗೆ ಹೋಗಿ ಎರಡೂ ಕೈಯಲ್ಲಿ ಡಬ್ಬಿ ಮುಂದೆ ಹಿಡಿದಳು. ಅಸ್ಮಾ ತೆಗೆದುಕೊಳ್ಳಲಿಲ್ಲ. ಅದರ ಮೇಲಿನ ತನ್ನ ಹೆಸರನ್ನು ಸ್ವಲ್ಪ ಹೊತ್ತು ನೋಡಿದಳು.

"ಅವರು ಹೋದಾಗ ಯಾಕ ಬರಲಿಲ್ಲ?"

ಶಿವಕ್ಕನಿಗೆ ಸುಳ್ಳು ಹೇಳಲು ಬರುವುದಿಲ್ಲ. ನನಗೆ ಹೇಳಿದ್ದನ್ನೇ ಹೇಳಿದಳು, ತುಂಬಿದ್ದು ತರುವಂತಿರಲಿಲ್ಲ, ಖಾಲಿಯದು ತರಲಾಗಲಿಲ್ಲ ಎಂದು. ಹೇಳುತ್ತ ಹೇಳುತ್ತ ಅವಳ ದನಿ ಕಿರಿದಾಯಿತು. ತನ್ನ ಕಿವಿಗೇ ಅದು ಹೇಗೆ ಕೇಳಿಸುತ್ತಿದೆ ಎಂದು ಅವಳಿಗೂ ತಿಳಿಯಿತು ಅನ್ನಿಸುತ್ತದೆ.

"ಡಬ್ಬಿ ಸಲುವಾಗಿ," ಎಂದಳು ಅಸ್ಮಾ. ಕೇಳಿದ್ದಲ್ಲ, ಸುಮ್ಮನೆ ಅಂದದ್ದು. "ನಮ್ಮಾಗ ಗಂಡ ಸತ್ತಾಕಿ ನಾಕು ತಿಂಗಳ ಹತ್ತು ದಿನ ಹೊಸ್ತಿಲ ದಾಟಂಗಿಲ್ಲ ಅಕ್ಕ. ಇಲ್ಲಂದ್ರ ನಾನ ಬರ್ತಿದ್ದೆ ನಿನ್ನ ಹತ್ರ. ಅಷ್ಟೂ ದಿನ ಒಳಗ ಕುಂತಿದ್ದೆ. ಯಾರು ಬಾಗಲ ಬಡಿದ್ರೂ ನೀನ ಇರಬೇಕು ಅಂತ ತಿಳ್ಕೊಂಡೆ. ಹಾಲಿನಾಕಿ ಬಡಿದ್ರೂ."

ಶಿವಕ್ಕ ಕೂತುಬಿಟ್ಟಳು. ಡಬ್ಬಿ ಮಡಿಲಲ್ಲಿ ಹಾಗೇ ಇತ್ತು. ಅತ್ತಳು. ಸದ್ದು ಮಾಡದೆ, ಮುಖ ಮುಚ್ಚಿಕೊಳ್ಳದೆ. ನಾನು ಹೊಸ್ತಿಲಲ್ಲಿ ನಿಂತು ಓಣಿಯ ಕಡೆ ನೋಡುತ್ತಿದ್ದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ.

"ತಪ್ಪಾತು ಅಸ್ಮಾ," ಎಂದಳು. ಅಷ್ಟೇ ಅಂದಳು.

ಅಸ್ಮಾ ತೊಡೆಯ ಮೇಲಿನ ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಆಮೇಲೆ ಕೈ ಚಾಚಿ ಶಿವಕ್ಕನ ಮಡಿಲಿಂದ ಡಬ್ಬಿ ಎತ್ತಿಕೊಂಡು ಮುಚ್ಚಳ ತೆಗೆದಳು. ಮಿರ್ಚಿ ಮೆತ್ತಗಾಗಿ ಮಂಡಕ್ಕಿಗೆ ಅಂಟಿದ್ದವು.

"ಇದೇನಿದು?"

"ಮಂಡಕ್ಕಿ," ಎಂದಳು ಶಿವಕ್ಕ, ಅಳುವಿನಲ್ಲೇ. "ನಾ ಮಾಡಿದ್ದಲ್ಲ. ವಾಣಿ ಹೋಟೆಲಿನಾಗ ಹಾಕ್ಸಿದ್ಲು."

ಅಸ್ಮಾ ನನ್ನ ಕಡೆ ನೋಡಿದಳು. "ಟೀಚರ್, ನೀವು ಹತ್ತು ವರ್ಷ ಮೊದಲ ಹಾಕ್ಸಬಾರದಾಗಿತ್ತಾ?"

ಅವಳ ಮಾತು ನಿಜ. ಹತ್ತು ವರ್ಷ ಎದುರುಮನೆಯಲ್ಲಿ ಕೂತು ನಾನೂ ಒಮ್ಮೆ ನಡಿ ಎಂದವಳಲ್ಲ.

ಮೂರೂ ಜನ ಒಂದೇ ತಾಟಿಗೆ ಸುರುವಿಕೊಂಡು ತಿಂದೆವು. ಅಸ್ಮಾ ಚಹಾ ಮಾಡಿದಳು. ಆಮೇಲೆ ಅವರಿಬ್ಬರ ಮಾತು ಶುರುವಾಯಿತು, ನಾನು ಗೋಡೆಗೆ ಒರಗಿ ಕೇಳಿದೆ. ಶೇಖಾವಲಿ ಕೊನೆಯ ದಿನ ಏನು ತಿಂದ, ಅತ್ತೆ ಸಾಯುವ ಮುಂಚೆ ಶ್ಯಾವಿಗೆ ಕೇಳಿದ್ದು, ಹಿತ್ತಲ ಗೋಡೆಯನ್ನು ಆಚೆ ಮನೆಯ ಈಗಿನ ಬಾಡಿಗೆಯವರು ಎತ್ತರ ಮಾಡಿಸಿದ್ದು, ಅಸ್ಮಾ ಇಲ್ಲಿ ಯಾರ ಜೊತೆಗೂ ಕೂತು ಜೋಳ ಹಸನು ಮಾಡಿಲ್ಲದ್ದು. ಹನ್ನೊಂದು ವರ್ಷವನ್ನು ಎರಡು ತಾಸಿನಲ್ಲಿ ಮುಗಿಸಲು ಆಗುವುದಿಲ್ಲ. ಒಬ್ಬಳು ಹೇಳುತ್ತಿರುವಾಗಲೇ ಇನ್ನೊಬ್ಬಳು ಗಡಿಯಾರ ನೋಡುವಳು.

"ಇವತ್ತು ಇರು," ಎಂದಳು ಅಸ್ಮಾ.

"ನಾಳೆ ನಸುಕಿನಾಗ ಟ್ರ್ಯಾಕ್ಟರ್ ಬರ್ತೈತಿ."

ಅಸ್ಮಾ ಒತ್ತಾಯ ಮಾಡಲಿಲ್ಲ. ಎದ್ದು ಹೋಗಿ ಡಬ್ಬಿ ತೊಳೆದಳು, ಒರೆಸಿದಳು, ಒಳಗಿನ ಹಲಗೆಯ ಮೇಲೆ ತನ್ನ ಉಳಿದ ಪಾತ್ರೆಗಳ ಸಾಲಿನಲ್ಲಿ ಇಟ್ಟಳು. ಹನ್ನೊಂದು ವರ್ಷ ಎಲ್ಲಿಗೂ ಹೋಗಿರದ ಪಾತ್ರೆಯ ಹಾಗೆ ಅದು ಅಲ್ಲಿ ಕೂತಿತು.

ನಾವು ಬಾಗಿಲಿಗೆ ಬಂದೆವು. ಶಿವಕ್ಕ ಚಪ್ಪಲಿ ಹಾಕಿಕೊಂಡವಳು ಇಳಿಯದೆ ಅಲ್ಲೇ ನಿಂತಳು. ಯಾಕೆಂದು ನನಗೆ ತಿಳಿಯಿತು, ಅಸ್ಮಾಗೂ ತಿಳಿಯಿತು. ನಮ್ಮ ಕಡೆ ಹೆಂಗಸರು ಒಬ್ಬರ ಮನೆಯಿಂದ ಹೊರಡುವಾಗ ಕೈಗೆ ಏನೋ ಬರುತ್ತದೆ, ಒಂದು ಪೊಟ್ಟಣವಾದರೂ, ಒಂದು ಡಬ್ಬಿಯಾದರೂ. ಅದು ಬಂದರೆ, ಮತ್ತೆ ಬಾ ಎಂದು ಕರೆದ ಹಾಗೆ. ಬರದಿದ್ದರೆ ಕರೆದಿಲ್ಲ. ಶಿವಕ್ಕ ಅದನ್ನೇ ಕಾಯುತ್ತಿದ್ದಳು. ತಾನು ಮಾಡಿದ್ದಕ್ಕೆ ಕೇಳುವ ಹಕ್ಕಿಲ್ಲ ಎಂದು ಗೊತ್ತಿದ್ದೂ ಕಾಯುತ್ತಿದ್ದಳು.

ಅಸ್ಮಾ ಅವಳ ಎರಡೂ ಕೈ ಹಿಡಿದುಕೊಂಡಳು.

"ನಿನಗ ಏನೂ ಕೊಡಂಗಿಲ್ಲ ಅಕ್ಕ. ಕೊಟ್ರ ನೀನು ಮತ್ತ ಹನ್ನೊಂದು ವರ್ಷ ಬರಂಗಿಲ್ಲ."

ಬಸ್ಸಿನಲ್ಲಿ ಶಿವಕ್ಕ ಕಿಟಕಿಯ ಪಕ್ಕ ಕೂತಳು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಸೆರಗು ಹಿಡಿಯುವಳು, ಒಮ್ಮೆ ಮುಂದಿನ ಸೀಟಿನ ಕಂಬಿ ಹಿಡಿಯುವಳು. ಕಂಡಕ್ಟರ್ ಟಿಕೆಟ್ ಕೊಡುತ್ತ ನಮ್ಮ ಸೀಟಿನವರೆಗೆ ಬಂದಾಗ ಅವಳು ನನ್ನ ಮೊಣಕೈ ತಿವಿದಳು.

"ಇಟ್ಟಿಗಿಯಿಂದ ಹರಪನಹಳ್ಳಿಗೆ ಬೆಳಿಗ್ಗೆ ಮೊದಲನೇ ಬಸ್ಸು ಎಷ್ಟೊತ್ತಿಗೆ ಐತಿ, ಕೇಳು ಆತನ್ನ."